ಯಾರಿಗಂತ ಬೈಯೂದು

2014ರ ಮಾರ್ಚ್ ತಿಂಗಳ ಒಂದು ಸಂಜೆ ನಮ್ಮ ದ್ರಾಕ್ಷಿ ಪಡದ ಮೇಲೆ ಆಣೆಕಲ್ಲು ಸುರಿದವು. ಪುಸ್ತಕದ ಕನ್ನಡದಲ್ಲಿ ಆಲಿಕಲ್ಲು, ನಮ್ಮ ಕಡೆ ಆಣೆಕಲ್ಲು. ಆ ವರ್ಷ ನಮ್ಮ ಜಿಲ್ಲೆಯಿಂದ ಹಿಡಿದು ಸೊಲ್ಲಾಪುರ, ಮರಾಠವಾಡದ ತನಕ ಅದೇ ಕಥೆಯಾಗಿತ್ತು. ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಮರುದಿನ ಬಸ್ಸು ಹಿಡಿದು ಊರಿಗೆ ಬರುವಷ್ಟರಲ್ಲಿ ಕಲ್ಲುಗಳೆಲ್ಲ ಕರಗಿ ಹೋಗಿದ್ದವು, ಅವು ಮಾಡಿದ ಕೆಲಸ ಮಾತ್ರ ಉಳಿದಿತ್ತು. ಚಪ್ಪರದ ತಂತಿಗೆ ಹರಿದ ಎಲೆಗಳು ಅಂಟಿಕೊಂಡಿದ್ದವು. ಗೊಂಚಲುಗಳಲ್ಲಿ ಒಡೆದ ಹಣ್ಣಿನ ರಸ ಹುಳಿಯಾಗಲು ಶುರುವಾಗಿತ್ತು. ಒಣದ್ರಾಕ್ಷಿಯ ಶೆಡ್ಡಿನ ಬಲೆ ಕಿತ್ತು ಬೇಲಿಗೆ ಸಿಕ್ಕಿಕೊಂಡಿತ್ತು. ಅಪ್ಪ ಪಡದ ತುದಿಯಲ್ಲಿ ಟವೆಲ್ ಹಾಸಿಕೊಂಡು ಸುಮ್ಮನೆ ಕೂತಿದ್ದ.

ಪಕ್ಕದ ಹೊಲದ ಕಾಕಾ ಬೆಳಿಗ್ಗೆಯೇ ಬಂದಿದ್ದರು. ಅವರದು ಎರೆ ಹೊಲ, ಒಣಬೇಸಾಯ, ಹಿಂಗಾರಿ ಬಿಳಿಜೋಳ. ಅವರ ರಾಶಿ ಆಗಲೇ ಮುಗಿದಿದ್ದರಿಂದ ಕಲ್ಲಿನಿಂದ ಅವರಿಗೆ ಅಂಥ ಹಾನಿ ಆಗಿರಲಿಲ್ಲ. ಅಪ್ಪನ ಪಕ್ಕ ಕೂತು ಬಹಳ ಹೊತ್ತಿನ ಮೇಲೆ ಅಂದರು: “ಯಾರಿಗಂತ ಬೈಯೂದೋ ತಮ್ಮಾ. ಮ್ಯಾಲಿಂದ ಬಿದ್ದದ್ದಕ್ಕ ಯಾರಿಗಂತ ಬೈಯೂದು.” ಅಪ್ಪ ತಲೆ ಆಡಿಸಿದ. ಆ ವರ್ಷ ನಮ್ಮ ಮನೆಯಲ್ಲಿ ದುಃಖ ಇತ್ತು, ಸಾಲ ಇತ್ತು, ಬ್ಯಾಂಕಿನ ನೋಟಿಸ್ ಇತ್ತು. ಆದರೆ ಯಾರ ಮೇಲೂ ಸಿಟ್ಟು ಇರಲಿಲ್ಲ. ಹಾಗೆ ಸಿಟ್ಟಿಲ್ಲದೆ ಇರುವುದು ಒಂದು ಅನುಕೂಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಮೂರು ವರ್ಷದ ನಂತರ ತಿಳಿಯಿತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರಿ’ ಯೋಜನೆಯ ವಿಮಾನ ಹಾರಿತು. 2003ರಲ್ಲಿ ‘ವರುಣ’ ಎಂಬ ಹೆಸರಿನಲ್ಲಿ ಸರ್ಕಾರ ಒಮ್ಮೆ ಮೋಡ ಬಿತ್ತನೆ ಮಾಡಿತ್ತು. ಇದು ಮತ್ತೊಂದು ಪ್ರಯತ್ನ. ಉತ್ತರ ಕರ್ನಾಟಕದ ಮೋಡಗಳ ಮೇಲೆ ಕಣ್ಣಿಡಲು ಗದಗ ಮತ್ತು ಸುರಪುರದಲ್ಲಿ ರಾಡಾರ್ ಕೂರಿಸುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ನಮ್ಮೂರ ಕಟ್ಟೆಯಲ್ಲಿ ಅದೇ ಮಾತು. ಕಾಕಾ ಹಿಗ್ಗಿದ್ದರು. ಉತ್ತರಿ, ಹಸ್ತ, ಚಿತ್ತಿ, ಈ ಮಳೆಗಳಲ್ಲಿ ಎರಡು ಸರಿಯಾಗಿ ಬಿದ್ದರೆ ಅವರ ಜೋಳ ಬಂದಂತೆಯೇ. ಅಪ್ಪ ಮಾತ್ರ ಚಹಾದ ಕಪ್ಪು ಕೆಳಗಿಟ್ಟು, “ದಸರಾ ಆದಮ್ಯಾಲೆ ಈ ಕಡಿ ಬರೂದು ಬ್ಯಾಡ ನೋಡು” ಎಂದ. ದ್ರಾಕ್ಷಿ ಬೆಳೆಯದವರಿಗೆ ಇದು ವಿಚಿತ್ರ ಅನಿಸಬಹುದು. ಅಕ್ಟೋಬರ್ ಚಾಟನಿ ಆದ ಮೇಲೆ ಬಳ್ಳಿ ಚಿಗುರಿ ಹೂವು ಬಿಡುವ ಹೊತ್ತಿನಲ್ಲಿ ಮಳೆ ಹಿಡಿದರೆ ಡೌನಿ ರೋಗ ಬೀಳುತ್ತದೆ. ವಾರದೊಳಗೆ ಪಡ ಕೈಬಿಟ್ಟು ಹೋಗುತ್ತದೆ. ಒಂದೇ ಬದುವಿನ ಈಚೆ ಬೇಡವಾದ ಮಳೆ ಆಚೆ ಬೇಕು. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಸುಮ್ಮನಾದರು.

ಅಕ್ಟೋಬರ್‌ನಲ್ಲಿ ಮಳೆ ಹಿಡಿಯಿತು. ಕಾಕಾನ ಜೋಳ ಹಸಿರಾಗಿ ಎದ್ದಿತು. ಅಪ್ಪ ದಿನ ಬಿಟ್ಟು ದಿನ ಔಷಧ ಹೊಡೆದ. ಆ ಮಳೆ ವಿಮಾನದ್ದೋ ಸ್ವಂತದ್ದೋ ಯಾರಿಗೂ ಗೊತ್ತಿಲ್ಲ. ವಿಮಾನ ನಮ್ಮೂರ ಹತ್ತಿರ ಸುಳಿಯಿತೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಅಪ್ಪ ಹದಿನೈದು ದಿನ ಕಟ್ಟೆಗೆ ಹೋಗಲಿಲ್ಲ. “ಅವರು ತರಸ್ಯಾರು, ಇವರು ಉಂಡಾರು” ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಗೊಣಗಿದ. ಕಾಕಾ ಏನನ್ನೂ ತರಿಸಿರಲಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಪೂರ್ತಿ ಪಡ ನೆಲಕಚ್ಚಿದ ವರ್ಷ ಇಲ್ಲದ ಸಿಟ್ಟು, ಬರೀ ಎರಡು ಡಬ್ಬಿ ಔಷಧದ ಖರ್ಚಿಗೆ ಹುಟ್ಟಿತ್ತು.

ಈ ಬರಹ ಆ ಸಿಟ್ಟಿನ ಬಗ್ಗೆ.

ಮೊದಲು ವಿಮಾನ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು, ಯಾಕೆಂದರೆ ಕಟ್ಟೆಯ ಮೇಲೂ ಪತ್ರಿಕೆಯಲ್ಲೂ ಇದರ ಬಗ್ಗೆ ಇರುವ ಕಲ್ಪನೆ ದೊಡ್ಡದು. ಯಾರಿಗೂ ಮೋಡವನ್ನು ಹುಟ್ಟಿಸಲು ಬರುವುದಿಲ್ಲ. ಇರುವ ಮೋಡದಲ್ಲಿ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಎಷ್ಟೋ ಸಲ ಹೆಪ್ಪುಗಟ್ಟದೆ ಹಾಗೇ ತೇಲುತ್ತಿರುತ್ತವೆ. ಹಿಡಿದುಕೊಳ್ಳಲು ಒಂದು ಕಣ ಸಿಕ್ಕರೆ ಸಾಕು, ಹರಳುಗಟ್ಟಿ, ಬೆಳೆದು, ಭಾರವಾಗಿ ಕೆಳಗಿಳಿಯುತ್ತವೆ. 1946ರ ನವೆಂಬರ್‌ನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿನ್ಸೆಂಟ್ ಶೇಫರ್ ವಿಮಾನದಿಂದ ಮೋಡವೊಂದರ ಮೇಲೆ ಒಣ ಮಂಜುಗಡ್ಡೆಯ ಪುಡಿ ಎರಚಿ ಹಿಮ ಬೀಳಿಸಿದ. ಅದೇ ತಿಂಗಳು ಅಲ್ಲಿಯೇ ಕೆಲಸಕ್ಕಿದ್ದ ಬರ್ನಾರ್ಡ್ ವಾನೆಗಟ್, ಸಿಲ್ವರ್ ಅಯೊಡೈಡ್ ಎಂಬ ಲವಣದ ಹರಳಿನ ರಚನೆ ಮಂಜಿನ ಹರಳಿಗೆ ಬಹಳ ಹತ್ತಿರ, ನೀರಿನ ಹನಿ ಅದನ್ನು ತನ್ನವನೇ ಎಂದು ನಂಬಿ ಅಂಟಿಕೊಳ್ಳುತ್ತದೆ ಎಂದು ಕಂಡುಕೊಂಡ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಕೇಳಿದಂತಿರಬಹುದು: ಈತ ಕಾದಂಬರಿಕಾರ ಕರ್ಟ್ ವಾನೆಗಟ್‌ನ ಅಣ್ಣ. ಮುಟ್ಟಿದ ನೀರನ್ನೆಲ್ಲ ಗಟ್ಟಿಯಾಗಿಸಿ ಲೋಕವನ್ನೇ ಮುಗಿಸುವ ಒಂದು ವಸ್ತುವಿನ ಕಥೆಯನ್ನು ತಮ್ಮ ಮುಂದೆ 1963ರಲ್ಲಿ ಕಾದಂಬರಿಯಾಗಿ ಬರೆದ. ಅಣ್ಣ ನೀರು ಹೆಪ್ಪುಗಟ್ಟಿಸುವುದನ್ನು ಕಲಿತ ಮನೆಯಲ್ಲಿ ತಮ್ಮ ಅದರ ಭಯವನ್ನು ಕಲಿತ.

ಆಲಿಕಲ್ಲಿಗೆ ಮದ್ದೂ ಇದೇ ಲವಣ. ಕಲ್ಲು ದೊಡ್ಡದಾಗುವುದು ಮೋಡದ ನೀರನ್ನೆಲ್ಲ ಕೆಲವೇ ಕೆಲವು ಗಡ್ಡೆಗಳು ಬಾಚಿಕೊಂಡಾಗ. ಸಾವಿರಾರು ಹೊಸ ಕಣಗಳನ್ನು ಒಳಗೆ ಬಿಟ್ಟರೆ ಅದೇ ನೀರನ್ನು ಎಲ್ಲವೂ ಹಂಚಿಕೊಳ್ಳಬೇಕಾಗುತ್ತದೆ, ಯಾವುದೂ ದೊಡ್ಡದಾಗುವುದಿಲ್ಲ, ನೆಲ ಮುಟ್ಟುವ ಮೊದಲು ಕರಗುತ್ತವೆ. ಲೆಕ್ಕ ಇದು. ಒಂದೇ ವಿಮಾನ, ಒಂದೇ ಪುಡಿ. ಒಬ್ಬರಿಗೆ ಮಳೆ ತರಲು, ಇನ್ನೊಬ್ಬರಿಗೆ ಕಲ್ಲು ತಪ್ಪಿಸಲು.

ಇದರಿಂದ ಮಳೆ ಬರುತ್ತದೆಯೇ? ಸ್ವಲ್ಪ ಬರುತ್ತದೆ, ಎಲ್ಲ ಕಡೆ ಅಲ್ಲ. 2017ರಲ್ಲಿ ಅಮೆರಿಕದ ಐಡಾಹೊ ಬೆಟ್ಟಗಳಲ್ಲಿ ವಿಮಾನ ಹಾರಿದ ಗೆರೆಯಲ್ಲೇ ಹಿಮ ಹುಟ್ಟುವುದನ್ನು ರಾಡಾರ್‌ನಲ್ಲಿ ಕಣ್ಣಾರೆ ಕಂಡರು. ನಮಗೆ ಹತ್ತಿರದ ಸೊಲ್ಲಾಪುರದಲ್ಲಿ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ವರ್ಷಗಳ ಕಾಲ ಪ್ರಯೋಗ ಮಾಡಿ, ಬಿತ್ತನೆಯ ಗಾಳಿ ಸಾಗುವ ದಿಕ್ಕಿನಲ್ಲಿ 100 ಚದರ ಕಿಲೋಮೀಟರ್‌ಗಳಲ್ಲಿ ಸರಾಸರಿ ಶೇ. 18ರಷ್ಟು ಹೆಚ್ಚು ಮಳೆ ಆಯಿತು ಎಂದು ಪ್ರಕಟಿಸಿದ್ದಾರೆ. ಆಲಿಕಲ್ಲಿನ ವಿಷಯದಲ್ಲಿ ಸಾಕ್ಷ್ಯ ಇನ್ನೂ ತೆಳು. ಸೋವಿಯತ್ ರಷ್ಯಾದವರು ರಾಕೆಟ್ಟಿನಿಂದ ಮೋಡಕ್ಕೆ ಹೊಡೆದು ಭಾರೀ ಯಶಸ್ಸು ಕಂಡೆವು ಎಂದಿದ್ದರು. ಸ್ವಿಟ್ಜರ್‌ಲೆಂಡಿನಲ್ಲಿ 1977ರಿಂದ ಐದು ಬೇಸಿಗೆ ಅದೇ ವಿಧಾನವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಕೆನಡಾದ ಆಲ್ಬರ್ಟಾದಲ್ಲಿ ವಿಮಾ ಕಂಪನಿಗಳೇ ದುಡ್ಡು ಹಾಕಿ 1996ರಿಂದ ಕಲ್ಲಿನ ಮೋಡಗಳಿಗೆ ಬಿತ್ತನೆ ಮಾಡಿಸುತ್ತಿವೆ. ಅವರು ಉಳಿಸುತ್ತಿರುವುದು ಹೆಚ್ಚಾಗಿ ನಗರದ ಕಾರು ಮತ್ತು ಮನೆಯ ಚಾವಣಿಗಳನ್ನು.

ಅಪ್ಪನ ಸಿಟ್ಟಿಗೆ ಸಂಬಂಧಿಸಿದ್ದು ಆ ಶೇ. 18 ಎಂಬ ಸಂಖ್ಯೆ. ಅದು ನೂರಾರು ಮೋಡಗಳನ್ನು ಆರಿಸಿ, ಕೆಲವಕ್ಕೆ ಬಿತ್ತಿ, ಕೆಲವನ್ನು ಬಿಟ್ಟು, ಎರಡು ಗುಂಪುಗಳನ್ನು ಹೋಲಿಸಿ ಬಂದ ಸತ್ಯ. ಗುಂಪಿನ ಸತ್ಯ. ಯಾವ ಒಂದು ಮೋಡವನ್ನೂ ತೋರಿಸಿ ‘ಇದರಲ್ಲಿ ಇಷ್ಟು ನಮ್ಮದು’ ಎನ್ನಲು ಅದರಿಂದ ಬರುವುದಿಲ್ಲ, ಬಿತ್ತದಿದ್ದರೆ ಆ ಮೋಡ ಏನು ಮಾಡುತ್ತಿತ್ತು ಎಂಬುದನ್ನು ಯಾರೂ ನೋಡಿಲ್ಲ. ರೈತನ ಹೊಲದ ಮೇಲೆ ಮಾತ್ರ ಒಂದೇ ಮೋಡ ಬರುತ್ತದೆ, ಒಂದು ಸಲ. ಹಾನಿ ಆಗುವುದು ಒಂಟಿಯಾಗಿ, ಪುರಾವೆ ಇರುವುದು ಗುಂಪಿನಲ್ಲಿ. ವರ್ಷಧಾರಿ ಹಾರಿದ 2017ರಲ್ಲಿ ಬೆಂಗಳೂರಿಗೆ ದಾಖಲೆ ಇಟ್ಟಾಗಿನಿಂದ ಅಲ್ಲಿಯವರೆಗೆ ಎಂದೂ ಬೀಳದಷ್ಟು ಮಳೆ ಬಿತ್ತು, ಸುಮಾರು 1,700 ಮಿಲಿಮೀಟರ್. ವಿಮಾನ ಹಾರದೆಯೂ ಅಂಥ ಮಳೆ ಬೀಳಬಹುದು ಎಂಬುದು ವಿಜ್ಞಾನ. ಬಡಾವಣೆಗಳಿಗೆ ನೀರು ನುಗ್ಗಿದಾಗ ಜನರ ಬಾಯಲ್ಲಿ ಬಂದ ಮಾತು ಬೇರೆ.

ಈ ಸಂಕಟ ನಮ್ಮ ಕಟ್ಟೆಗೆ ಹೊಸತು, ಲೋಕಕ್ಕೆ ಹಳೆಯದು. ಅಮೆರಿಕದ ಟೆಕ್ಸಾಸ್‌ನ ಜೆಫ್ ಡೇವಿಸ್ ಕೌಂಟಿಯಲ್ಲಿ 1958ರಲ್ಲಿ ಇದೇ ಜಗಳ ನ್ಯಾಯಾಲಯಕ್ಕೆ ಹೋಯಿತು. ಬಯಲಿನ ರೈತರು ಬೆಳೆಯನ್ನು ಆಲಿಕಲ್ಲಿನಿಂದ ಉಳಿಸಿಕೊಳ್ಳಲು ದುಡ್ಡು ಕೂಡಿಸಿ ಬಿತ್ತನೆಯ ಕಂಪನಿಯೊಂದನ್ನು ಗೊತ್ತುಮಾಡಿದ್ದರು. ಮೇಲಿನ ಗುಡ್ಡಗಾಡಿನಲ್ಲಿ ದನ ಸಾಕುವವರಿದ್ದರು. ಅವರಿಗೆ ಬೇಕಿದ್ದದ್ದು ಹುಲ್ಲಿಗೆ ಮಳೆ. ಕಪ್ಪಾಗಿ ಕವಿದು ಇನ್ನೇನು ಸುರಿಯಬೇಕಿದ್ದ ಮೋಡದೊಳಗೆ ವಿಮಾನ ಹೊಕ್ಕಿತು, ಆಮೇಲೆ ನೋಡನೋಡುತ್ತ ಮೋಡ ಚದುರಿ ಹೋಯಿತು ಎಂದು ಅವರು ಸಾಕ್ಷಿ ನುಡಿದರು. ಪರಿಣತರು ಎರಡೂ ಕಡೆ ಮಾತಾಡಿದರು. ನ್ಯಾಯಾಲಯ ದನಗಾಹಿಗಳ ಕಡೆ ನಿಂತಿತು: ನಿಸರ್ಗ ತಾನಾಗಿ ಕೊಡುವ ಮಳೆಯ ಮೇಲೆ ನೆಲದವನಿಗೆ ಹಕ್ಕಿದೆ, ಅವನ ನೆಲದ ಮೇಲಿನ ಮೋಡಕ್ಕೆ ಕೈ ಹಾಕಕೂಡದು. ಮುಂದಿನ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ತೀರ್ಪು ಓದಿದಾಗ ನನಗೆ ಸಮಾಧಾನವೂ ನಗುವೂ ಒಟ್ಟಿಗೆ ಬಂದವು. ಮೋಡಕ್ಕೆ ಬಾಂದುಕಲ್ಲು ಕಾಣುವುದೇ?

ಎಂಟು ವರ್ಷ ಮೊದಲು, 1950ರಲ್ಲಿ, ನ್ಯೂಯಾರ್ಕಿನಲ್ಲಿ ಇದಕ್ಕೆ ಉಲ್ಟಾ ತೀರ್ಪು ಬಂದಿತ್ತು. ನಗರದ ಜಲಾಶಯಗಳು ಬತ್ತಿದ್ದವು. ಪಾಲಿಕೆ ಮೋಡ ಬಿತ್ತನೆಗೆ ಹೊರಟಿತು. ಬೆಟ್ಟದ ಮೇಲಿನ ವಿಹಾರಧಾಮದ ಒಡೆಯರು ‘ಮಳೆ ತರಿಸಿದರೆ ನಮ್ಮ ಗಿರಾಕಿಗಳು ಹೋಗುತ್ತಾರೆ’ ಎಂದು ತಡೆಯಾಜ್ಞೆ ಕೇಳಿದರು. ಇಡೀ ನಗರದ ಕುಡಿಯುವ ನೀರಿನ ಮುಂದೆ ಕೆಲವರ ವ್ಯಾಪಾರ ದೊಡ್ಡದಲ್ಲ ಎಂದು ನ್ಯಾಯಾಲಯ ಅರ್ಜಿ ತಳ್ಳಿಹಾಕಿತು. ಹೆಚ್ಚು ಜನರ ಹಿತ ನೋಡುವ ಈ ತರ್ಕ ತರಗತಿಯಲ್ಲಿ ನಮಗೆಲ್ಲ ಬೇಗ ಒಪ್ಪಿಗೆಯಾಗುವಂಥದ್ದು. ಹಳ್ಳಿಗಳು ಕುಡಿಯುವ ನೀರಿಲ್ಲದೆ ಟ್ಯಾಂಕರಿಗೆ ಕಾಯುವಾಗ ಅಪ್ಪನ ದ್ರಾಕ್ಷಿಗಾಗಿ ಮೋಡ ಬಿಟ್ಟುಬಿಡಿ ಎಂದು ಯಾರೂ ಹೇಳಲಾರರು, ನಾನೂ ಹೇಳಲಾರೆ. ಆದರೆ ಕೆಲವರ ನಷ್ಟ ಸಹ್ಯ ಎನ್ನುವುದು ಬೇರೆ, ಆ ನಷ್ಟವನ್ನು ತುಂಬಿಕೊಡಬೇಕಿಲ್ಲ ಎನ್ನುವುದು ಬೇರೆ. ಮೊದಲನೆಯದನ್ನು ಒಪ್ಪಿಸಿ ಎರಡನೆಯದನ್ನು ಸದ್ದಿಲ್ಲದೆ ಜೊತೆಗೆ ದಾಟಿಸಿಬಿಡುತ್ತಾರೆ.

ಹಾಗೆ ದಾಟಿಸಿದ್ದಕ್ಕೆ ನನಗೆ ಗೊತ್ತಿರುವ ಅತಿ ಸೊಗಸಾದ ಉದಾಹರಣೆ ಚಾರ್ಲ್ಸ್ ಹ್ಯಾಟ್‌ಫೀಲ್ಡ್‌ನದು. ಇದು ಸಿಲ್ವರ್ ಅಯೊಡೈಡ್‌ಗೂ ಹಿಂದಿನ ಕಾಲ. ಎತ್ತರದ ಅಟ್ಟಣಿಗೆ ಕಟ್ಟಿ, ಯಾವುದೋ ರಾಸಾಯನಿಕಗಳ ಹಬೆ ಬಿಟ್ಟು ಮಳೆ ಕರೆಯುತ್ತೇನೆ ಎನ್ನುತ್ತಿದ್ದ. ಮೊರೆನಾ ಜಲಾಶಯ ತುಂಬಿಸಿದರೆ ಹತ್ತು ಸಾವಿರ ಡಾಲರ್ ಎಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರಸಭೆ ಅವನಿಗೆ ಮಾತು ಕೊಟ್ಟಿತು. 1916ರ ಜನವರಿಯಲ್ಲಿ ಮಳೆ ಬಂತು. ನಿಲ್ಲಲಿಲ್ಲ. ಸೇತುವೆಗಳು ಕೊಚ್ಚಿಹೋದವು, ಒಂದು ಅಣೆಕಟ್ಟು ಒಡೆಯಿತು, ಜನ ಸತ್ತರು. ಹ್ಯಾಟ್‌ಫೀಲ್ಡ್ ದುಡ್ಡು ಕೇಳಲು ಬಂದ. ನಗರಸಭೆ ಅಂದಿತು: ಮಳೆ ನಿನ್ನದಾದರೆ ಹಾನಿಯ ದಾವೆಗಳೂ ನಿನ್ನವು, ಅವನ್ನು ಹೊತ್ತುಕೊಂಡರೆ ದುಡ್ಡು ಕೊಡುತ್ತೇವೆ. ಕೊನೆಗೆ ನ್ಯಾಯಾಲಯ ಆ ಮಳೆಯನ್ನು ದೈವಕೃತ್ಯ ಎಂದಿತು. ಅವನಿಗೆ ಒಂದು ಕಾಸೂ ಹುಟ್ಟಲಿಲ್ಲ. ಅವನ ಹಬೆಯಿಂದ ಮಳೆ ಬರಲು ಸಾಧ್ಯವಿರಲಿಲ್ಲ ಎಂಬುದು ಇಂದಿನ ತಿಳಿವಳಿಕೆ. ಆದರೆ ನಗರಸಭೆಯ ನಡೆಯನ್ನು ನೋಡಿ: ಕರೆಯುವಾಗ ಮನುಷ್ಯನ ಕೆಲಸ, ಬಂದು ಹಾಳುಮಾಡಿದ ಮೇಲೆ ದೇವರ ಕೆಲಸ.

ಎಂ.ಎ. ತರಗತಿಯಲ್ಲಿ ನಾವು ಜೂಡಿತ್ ಶ್ಕ್ಲಾರ್ ಎಂಬ ಚಿಂತಕಿಯ 1990ರ ಪುಸ್ತಕವೊಂದನ್ನು ಓದಿದ್ದೆವು. ದುರದೃಷ್ಟ ಮತ್ತು ಅನ್ಯಾಯ, ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಅವಳ ಪ್ರಶ್ನೆ. ಭೂಕಂಪ ದುರದೃಷ್ಟ, ಕಳಪೆ ಕಟ್ಟಡ ಕುಸಿದರೆ ಅನ್ಯಾಯ. ಆ ಗೆರೆಯನ್ನು ಎಳೆಯುವವರು ಸಾಮಾನ್ಯವಾಗಿ ಪೆಟ್ಟು ತಿಂದವರಲ್ಲ, ಎಲ್ಲಿ ಎಳೆದರೆ ಅನುಕೂಲವೋ ಅಲ್ಲಿ ಎಳೆಯುವ ಬಲವುಳ್ಳವರು ಎಂಬ ಅರ್ಥ ನನಗೆ ಅದರಲ್ಲಿ ಸಿಕ್ಕಿತು. ಪರೀಕ್ಷೆಗೆ ಚೆನ್ನಾಗಿಯೇ ಬರೆದೆ. ಅರ್ಥವಾದದ್ದು 2017ರ ಅಕ್ಟೋಬರ್‌ನಲ್ಲಿ, ಅಪ್ಪನ ಮುಖ ನೋಡಿದಾಗ. ಮೋಡದೊಳಗೆ ಒಂದು ಕೈ ಇದ್ದಿರಬಹುದು ಎಂಬ ಅನುಮಾನ ಬಂದ ಕ್ಷಣವೇ ಅವನ ದುರದೃಷ್ಟ ಅನ್ಯಾಯವಾಗಿತ್ತು. ಆದರೆ ಅನ್ಯಾಯ ಎಂದು ಸಾಧಿಸಲು ಪುರಾವೆ ಇಲ್ಲ. ಹೀಗಾಗಿ ಅವನ ಪಾಲಿಗೆ ದುರದೃಷ್ಟದ ಸಮಾಧಾನವೂ ಇಲ್ಲ, ಅನ್ಯಾಯದ ಪರಿಹಾರವೂ ಇಲ್ಲ. ಉಳಿದದ್ದು ಅನುಮಾನ. ಅದಕ್ಕೆ ಸರ್ಕಾರ ಕೈಗೆ ಸಿಗುವುದಿಲ್ಲ, ಪಕ್ಕದ ಹೊಲದವನು ಸಿಗುತ್ತಾನೆ.

ಮಳೆಯನ್ನು ಆಯುಧ ಮಾಡಿದ್ದೂ ಉಂಟು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ 1967ರಿಂದ 1972ರ ತನಕ ಶತ್ರುವಿನ ರಸ್ತೆಗಳನ್ನು ಕೆಸರು ಮಾಡಲು ಗುಟ್ಟಾಗಿ ಮೋಡ ಬಿತ್ತಿತು. ಅಂಥದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1978ರಲ್ಲಿ ಜಾರಿಗೆ ಬಂತು. ನೈತಿಕವಾಗಿ ಅದು ಸುಲಭದ ಪ್ರಕರಣ. ಕಷ್ಟದ್ದು ಒಳ್ಳೆಯ ಉದ್ದೇಶದಿಂದ ಹಾರಿದ ವಿಮಾನದ್ದು.

ಇಲ್ಲಿಯವರೆಗೆ ಬರೆದು ಒಂದು ವಾರ ನಿಲ್ಲಿಸಿದ್ದೆ. ವಿಮಾನದವರ ಮೇಲೆ ನೈತಿಕತೆಯ ಭಾರ ಹೊರಿಸಿ ಬರಹ ಮುಗಿಸುವುದು ಸುಲಭವಿತ್ತು. ‘ಆಕಾಶ ಎಲ್ಲರದು’ ಎಂಬಂಥ ಒಂದು ಮಾತು ಸಾಕಾಗುತ್ತಿತ್ತು. ಆದರೆ ನಮ್ಮ ಪಡಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಓದುಗರು ಕೇಳಿದರೆ?

ಬೋರಿನಿಂದ. ನಮ್ಮ ಹೊಲದಲ್ಲಿ ಮೂರು ಬೋರುಗಳಿವೆ. ಒಂದು ಬತ್ತಿದಾಗ ಇನ್ನೊಂದು, ಅದಕ್ಕಿಂತ ಆಳ. ಕಾಕಾನ ಹೊಲದಲ್ಲಿ ಅವರಜ್ಜ ತೋಡಿಸಿದ ತೆರೆದ ಬಾವಿ ಇತ್ತು. ನಾನು ಚಿಕ್ಕವನಿದ್ದಾಗ ಅದರಲ್ಲಿ ಈಜು ಕಲಿತೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಅದರ ತಳದಲ್ಲಿ ಜಾಲಿಗಿಡ ಬೆಳೆದಿತ್ತು. ಅವರು ಜೋಳಕ್ಕೆ ಆಕಾಶ ನೋಡುವುದು ಅದಕ್ಕಾಗಿಯೇ. ನಮ್ಮ ಮನೆಯಲ್ಲಿ ಅದನ್ನು ‘ಪಾಪ, ಅವರ ಬಾವಿ ಬತ್ತಿತು’ ಎಂದು ಹೇಳುತ್ತಿದ್ದೆವು. ಬಾವಿ ತಾನಾಗಿಯೇ ಬತ್ತಿದ ಹಾಗೆ. ನೆಲದಡಿಯ ನೀರಿಗೂ ಮೋಡದ ನೀರಿಗೂ ಈ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ: ಒಂದು ನಿರ್ದಿಷ್ಟ ಬಾವಿಯನ್ನು ಬತ್ತಿಸಿದ್ದು ಒಂದು ನಿರ್ದಿಷ್ಟ ಬೋರು ಎಂದು ಸಾಧಿಸುವುದು ಬಹಳ ಕಷ್ಟ. ಗುಂಪಿನ ಸತ್ಯ ಮಾತ್ರ ಎಲ್ಲರಿಗೂ ಗೊತ್ತು. ಆ ಗೆರೆ ಎಳೆದವರು ನಾವು. ಕಾಕಾ ಅದಕ್ಕೆ ತಮ್ಮ ನಸೀಬು ಅಂದುಕೊಂಡರು ಅಥವಾ ಹಾಗೆ ಅಂದುಕೊಂಡಂತೆ ನಮಗೆ ತೋರಿಸಿದರು. 2014ರ ಬೆಳಿಗ್ಗೆ ‘ಯಾರಿಗಂತ ಬೈಯೂದು’ ಎಂದಾಗ ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ.

ಹಾಗಾದರೆ ವಿಮಾನ ನಮ್ಮೂರಿಗೆ ಹೊಸ ಸಿಟ್ಟನ್ನೇನೂ ತಂದಿರಲಿಲ್ಲ. ಇಷ್ಟು ದಿನ ಬರೀ ಕಾಕಾ ನುಂಗಿಕೊಂಡಿದ್ದನ್ನು ಒಂದು ಸಲ ಅಪ್ಪನಿಗೂ ಉಣಿಸಿತು.

ಬಿತ್ತನೆ ಬೇಡವೇ ಬೇಡ ಎನ್ನುವವನು ನಾನಲ್ಲ. ಬರಗಾಲದಲ್ಲಿ ಶೇ. 18 ಸಣ್ಣ ಮಾತಲ್ಲ. ನನ್ನ ತಕರಾರು ಹಾರುವ ಮೊದಲಿನ ಮೌನದ ಬಗ್ಗೆ. ನಾನು ಚಿಕ್ಕವನಿದ್ದಾಗ ಮಳೆ ಹೋದರೆ ಊರಲ್ಲಿ ಗುರ್ಜಿ ಹೊರುತ್ತಿದ್ದರು. ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ ಒಬ್ಬ ಹುಡುಗ ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾನೆ, ಮನೆಯವರು ಅವನ ತಲೆಯ ಮೇಲೆ ಕೊಡದಿಂದ ನೀರು ಸುರಿಯುತ್ತಾರೆ, ಜೋಳ ಕೊಡುತ್ತಾರೆ. ಅದರಿಂದ ಮಳೆ ಬರುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಗುರ್ಜಿ ಎಲ್ಲರ ಬಾಗಿಲಿಗೂ ಬರುತ್ತಿತ್ತು. ದ್ರಾಕ್ಷಿಯವರ ಬಾಗಿಲಿಗೂ. ನಮ್ಮವ್ವ ಸುರಿದ ಒಂದು ಕೊಡ ನೀರೂ ಆ ಮಳೆಯಲ್ಲಿ ಸೇರಿರುತ್ತಿತ್ತು. ಬಂದ ಮಳೆಗೆ ಆಮೇಲೆ ಬೈಯುವ ಹಾಗಿರಲಿಲ್ಲ. ವಿಮಾನ ಯಾರ ಬಾಗಿಲಿಗೂ ಬರಲಿಲ್ಲ. ಯಾವ ತಿಂಗಳು ಯಾವ ಬೆಳೆಗೆ ನೀರು ಬೇಕು, ಯಾವುದಕ್ಕೆ ಬೇಡ, ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಎಂದು ಯಾವ ಪಂಚಾಯಿತಿಯಲ್ಲೂ ಒಂದು ಸಭೆ ಆದದ್ದು ನಾನು ಕೇಳಿಲ್ಲ. ಮಳೆ ಹೆಚ್ಚಾದರೆ ಅದರ ಹೆಸರು ತೆಗೆದುಕೊಳ್ಳುವವರು ಪುರಾವೆಗೆ ಕಾಯುವುದಿಲ್ಲ. ಹಾನಿಯ ಪಾಲು ಹೊರುವಾಗ ಮಾತ್ರ ಪುರಾವೆ ಕೇಳಬಾರದು. ಬೋರು ಹೊಡೆಸಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆದರೂ ಬರೆದಿದ್ದೇನೆ.

ಕಳೆದ ಚಿತ್ತಿ ಮಳೆಯ ಹೊತ್ತಿಗೆ ಊರಿಗೆ ಹೋಗಿದ್ದೆ. ಡೋಣಿ ನದಿಯ ಕಡೆ ಮೋಡ ಕಟ್ಟಿತ್ತು. ಅಪ್ಪ, ಕಾಕಾ ಇಬ್ಬರೂ ಕಟ್ಟೆಯ ಮೇಲಿದ್ದರು, ಇಬ್ಬರಿಗೂ ಈಗ ವಯಸ್ಸಾಗಿದೆ. ಮೋಡ ಇತ್ತ ತಿರುಗುತ್ತದೆಯೋ ಇಲ್ಲವೋ ಎಂದು ನೋಡುತ್ತ ಬಹಳ ಹೊತ್ತು ಕೂತರು. ಇದ್ದಕ್ಕಿದ್ದ ಹಾಗೆ ಅಪ್ಪ ಕೇಳಿದ:

“ನಿಮ್ಮ ಬಾಂವಿ ನೀರು ಯಾವ ವರ್ಷ ಹೋತೋ ಅಣ್ಣಾ?”

ಕಾಕಾ ಮೋಡದ ಮೇಲಿನ ಕಣ್ಣು ತೆಗೆಯದೆ ವರ್ಷ ಹೇಳಿದರು. ಬೆರಳು ಎಣಿಸಲಿಲ್ಲ, ಯೋಚಿಸಲಿಲ್ಲ. ನಮ್ಮ ಎರಡನೆಯ ಬೋರು ಹೊಡೆಸಿ ಒಂದು ವರ್ಷ ಆಗಿತ್ತು ಆಗ. ಅಪ್ಪನಿಗೂ ಅದು ನೆನಪಿತ್ತು ಎಂದು ಕಾಣುತ್ತದೆ. ಹುಡುಗ ಚಹಾ ತಂದ. ಅಪ್ಪ ತನ್ನ ಕಪ್ಪನ್ನು ಮೊದಲು ಕಾಕಾನ ಕಡೆ ಸರಿಸಿದ.